ಮಟ್ಟು ನುಡಿಸಲು ಎಣಿಸಿದವರು: ಬಝರ್ ಸಂಗೀತದ ಚರಿತ್ರೆ

ಗಣಕಯಂತ್ರ ಹೊರಡಿಸಿದ ಆರಂಭದ ಮಟ್ಟುಗಳು ಸಂಗೀತಕ್ಕೆಂದು ರೂಪಿಸಿದ ಸಾಧನದಿಂದ ಬಂದವಲ್ಲ, ಯಂತ್ರ ನಡೆಸುವವರನ್ನು ಎಚ್ಚರಿಸಲು ಜೋಡಿಸಿದ್ದ ಧ್ವನಿವರ್ಧಕದಿಂದ ಬಂದವು. ಟ್ರೆವರ್ ಪಿಯರ್ಸಿ ಮತ್ತು ಮಾಸ್ಟನ್ ಬಿಯರ್ಡ್ ಸಿಡ್ನಿಯಲ್ಲಿ ನಿರ್ಮಿಸಿದ, 1949ರಲ್ಲಿ ಮೊದಲ ಲೆಕ್ಕ ನಡೆಸಿದ, ಮುಂದೆ ಸೈರ್ಯಾಕ್ ಎಂದು ಹೆಸರಾದ ಯಂತ್ರದಲ್ಲಿ ಇಂಥದೊಂದು 'ಹೂಟರ್' ಇತ್ತು. ಲೆಕ್ಕ ಎಲ್ಲಿಗೆ ಬಂತು, ಯಾವಾಗ ಮುಗಿಯಿತು ಎಂಬುದನ್ನು ಅದರ ಸದ್ದಿನಿಂದ ತಿಳಿಯುತ್ತಿದ್ದರು. ಹೂಟರ್‌ಗೆ ಒಂದು ವಿದ್ಯುತ್ ಸ್ಪಂದ ಕಳಿಸಿದರೆ ಕೇಳುವುದು 'ಟಿಕ್' ಎಂಬ ಸದ್ದು ಮಾತ್ರ. ಆದರೆ ಅದೇ ಸ್ಪಂದವನ್ನು ಸಮಾನ ಅಂತರದಲ್ಲಿ ಸೆಕೆಂಡಿಗೆ ನೂರಾರು ಬಾರಿ ಕಳಿಸಿದಾಗ ಕಿವಿ ಅದನ್ನು ಒಂದು ಸ್ಥಿರ ಸ್ವರವಾಗಿ ಗ್ರಹಿಸುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ಎಂಬ ಈ ಸಂಖ್ಯೆಯೇ ಆವೃತ್ತಿ. ಅದು ಹೆಚ್ಚಿದಂತೆ ಸ್ವರ ಏರುತ್ತದೆ, ಇಮ್ಮಡಿಯಾದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ.

ಈ ಸಮಾನ ಅಂತರವನ್ನು ಕಾಯುವುದೇ ಸೈರ್ಯಾಕ್‌ನಲ್ಲಿ ಕಠಿಣವಾಗಿತ್ತು. ಅದರ ಸ್ಮೃತಿ ಪಾದರಸ ತುಂಬಿದ ಕೊಳವೆಗಳಲ್ಲಿ ಶಬ್ದತರಂಗಗಳಾಗಿ ಸುತ್ತುತ್ತಿದ್ದುದರಿಂದ, ಬೇಕಾದ ಆದೇಶ ಕೊಳವೆಯ ತುದಿಗೆ ಬರುವವರೆಗೆ ಯಂತ್ರ ಕಾಯಬೇಕಿತ್ತು. ಕಾಯುವ ಕಾಲ ಆದೇಶವಿದ್ದ ಸ್ಥಾನಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಆದ್ದರಿಂದ ಗಣಿತಜ್ಞ ಜೆಫ್ ಹಿಲ್ ಮಟ್ಟು ನುಡಿಸುವ ಪ್ರೋಗ್ರಾಮ್ ಬರೆದಾಗ, ಯಾವ ಆದೇಶ ಎಷ್ಟು ಕಾಲ ತೆಗೆದುಕೊಳ್ಳುತ್ತದೆ ಎಂಬುದನ್ನು ಲೆಕ್ಕ ಹಾಕಿ ಸ್ಪಂದಗಳನ್ನು ಹೊಂದಿಸಬೇಕಾಯಿತು. 1951ರ ಆಗಸ್ಟ್‌ನಲ್ಲಿ ಸಿಡ್ನಿಯಲ್ಲಿ ನಡೆದ ಸಮ್ಮೇಳನದಲ್ಲಿ ಆ ಯಂತ್ರ 'ಕರ್ನಲ್ ಬೋಗಿ' ಎಂಬ ಪಥಸಂಚಲನದ ಮಟ್ಟನ್ನು ಸಾರ್ವಜನಿಕವಾಗಿ ನುಡಿಸಿತು.

ಅದೇ ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, ಶಾಲಾ ಅಧ್ಯಾಪಕರಾಗಿದ್ದ ಕ್ರಿಸ್ಟೋಫರ್ ಸ್ಟ್ರೇಚಿ ಫೆರಾಂಟಿ ಮಾರ್ಕ್ 1 ಯಂತ್ರದಿಂದ ಬ್ರಿಟಿಷ್ ರಾಷ್ಟ್ರಗೀತೆಯ ಮಟ್ಟನ್ನು ಹೊರಡಿಸಿದರು. ಬಿಬಿಸಿ ಮಾಡಿಕೊಂಡ ಧ್ವನಿಮುದ್ರಣ ಇಂದಿಗೂ ಉಳಿದಿದೆ. ಅಲ್ಲಿಯೂ ಸ್ವರ ಎಂದರೆ ಒಂದು ಸ್ಪಂದದಿಂದ ಮುಂದಿನದರವರೆಗೆ ಆದೇಶಗಳು ಎಷ್ಟು ಎಂಬ ಪೂರ್ಣಾಂಕವೇ ಆಗಿತ್ತು. ಎರಡು ಪೂರ್ಣಾಂಕಗಳ ನಡುವಿನ ಸ್ವರ ಯಂತ್ರಕ್ಕೆ ಸಾಧ್ಯವಿರಲಿಲ್ಲವಾದ್ದರಿಂದ ಕೆಲವು ಸ್ವರಗಳು ತುಸು ಅಪಶ್ರುತಿಯಾಗಿಯೇ ಕೇಳುತ್ತಿದ್ದವು. ಈ ಮಿತಿಯೇ ಮುಂದೆ ಸಂಶೋಧಕರಿಗೆ ನೆರವಾಯಿತು: ಜ್ಯಾಕ್ ಕೋಪ್‌ಲ್ಯಾಂಡ್ ಮತ್ತು ಜೇಸನ್ ಲಾಂಗ್ ಯಂತ್ರ ಹೊರಡಿಸಬಲ್ಲ ಆವೃತ್ತಿಗಳನ್ನು ಲೆಕ್ಕ ಹಾಕಿ, ಹಳೆಯ ಮುದ್ರಿಕೆಯ ವೇಗ ತಪ್ಪಾಗಿತ್ತೆಂದು ಕಂಡುಕೊಂಡು, 2016ರಲ್ಲಿ ಅದನ್ನು ಸರಿಯಾದ ಶ್ರುತಿಗೆ ತಂದರು.

ಮನೆಗಳಿಗೆ ಗಣಕ ಬಂದಾಗಲೂ ಈ ಎಣಿಕೆಯ ದುಡಿಮೆ ಒಮ್ಮೆಗೇ ತಪ್ಪಲಿಲ್ಲ. 1977ರ ಆಪಲ್ 2 ಯಂತ್ರದಲ್ಲಿ ಸ್ಮೃತಿಯ ಒಂದು ನಿರ್ದಿಷ್ಟ ವಿಳಾಸವನ್ನು ಮುಟ್ಟಿದಾಗಲೆಲ್ಲ ಧ್ವನಿವರ್ಧಕದ ಸ್ಥಿತಿ ಅದಲುಬದಲಾಗುತ್ತಿತ್ತು. ಎಷ್ಟು ಹೊತ್ತಿಗೊಮ್ಮೆ ಮುಟ್ಟಬೇಕೆಂಬ ಎಣಿಕೆ ಪ್ರೋಗ್ರಾಮಿನದೇ ಆಗಿದ್ದು, ಸ್ವರ ನುಡಿಯುವಷ್ಟು ಹೊತ್ತು ಯಂತ್ರಕ್ಕೆ ಬೇರೆ ಕೆಲಸ ಮಾಡಲು ಬಿಡುವಿರುತ್ತಿರಲಿಲ್ಲ. 1981ರ ಐಬಿಎಂ ಪಿಸಿ ಈ ಎಣಿಕೆಯನ್ನು ಪ್ರತ್ಯೇಕ ಟೈಮರ್ ಚಿಪ್‌ಗೆ ವಹಿಸಿತು. ಸೆಕೆಂಡಿಗೆ ಸುಮಾರು 11,93,182 ಬಾರಿ ಮಿಡಿಯುವ ಗಡಿಯಾರವನ್ನು 2712ರಿಂದ ಭಾಗಿಸುವಂತೆ ಚಿಪ್‌ಗೆ ಹೇಳಿದರೆ, ಪಾಶ್ಚಾತ್ಯ ವಾದ್ಯಗಳ ಶ್ರುತಿಗೆ ಆಧಾರವಾದ 440 ಹರ್ಟ್ಸ್ ಸ್ವರ ಹೆಚ್ಚುಕಡಿಮೆ ಕರಾರುವಾಕ್ಕಾಗಿ ಬರುತ್ತಿತ್ತು. ಅದರ ಬೇಸಿಕ್ ಭಾಷೆಯಲ್ಲಿ ಸ್ವರಗಳನ್ನು ಅಕ್ಷರಗಳಲ್ಲೇ ಬರೆಯುವ ಆದೇಶವೂ ಇದ್ದುದರಿಂದ, ಭಾಜಕದ ಗೊಡವೆಯಿಲ್ಲದೆ ಮಟ್ಟು ಕಟ್ಟಲು ಸಾಧ್ಯವಾಯಿತು.

ಇಂದಿನ ಮೈಕ್ರೋಕಂಟ್ರೋಲರ್, ಅಂದರೆ ಸಂಸ್ಕಾರಕ, ಸ್ಮೃತಿ ಮತ್ತು ಟೈಮರ್‌ಗಳನ್ನು ಒಂದೇ ಚಿಪ್‌ನಲ್ಲಿ ಅಡಗಿಸಿಕೊಂಡ ಪುಟ್ಟ ಗಣಕ, ಈ ಪರಂಪರೆಯ ಉತ್ತರಾಧಿಕಾರಿ. ಅದಕ್ಕೆ ಜೋಡಿಸುವ ಬಝರ್ ಬಹುಮಟ್ಟಿಗೆ ಪೀಜೋ ವಿದ್ಯುತ್ ತತ್ತ್ವವನ್ನು ಆಧರಿಸಿದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು 1880ರಲ್ಲಿ ಕ್ಯೂರಿ ಸಹೋದರರು ತೋರಿಸಿದ್ದರು. ಬಝರ್‌ನಲ್ಲಿ ಇದು ತಿರುಗುಮುರುಗಾಗಿ, ವಿದ್ಯುತ್ ಕೊಟ್ಟಾಗ ಬಿಲ್ಲೆ ಬಾಗಿ ಗಾಳಿಯನ್ನು ಅಲುಗಿಸುತ್ತದೆ. ತನ್ನೊಳಗೇ ಕಂಪನಮಂಡಲವಿರುವ ಸಕ್ರಿಯ ಬಝರ್ ಒಂದೇ ಸ್ವರ ಹೊರಡಿಸುವುದರಿಂದ, ಮಟ್ಟಿಗೆ ಬೇಕಾದುದು ಹೊರಗಿನಿಂದ ತರಂಗ ಪಡೆಯುವ ನಿಷ್ಕ್ರಿಯ ಬಝರ್.

2013ರಲ್ಲಿ ಡೇಮಿಯನ್ ಜಾರ್ಜ್ ಸಾರ್ವಜನಿಕ ದೇಣಿಗೆಯ ನೆರವಿನಿಂದ ಬೆಳೆಸಿದ ಮೈಕ್ರೋಪೈಥಾನ್, ಪೈಥಾನ್ ಭಾಷೆಯನ್ನು ಇಂಥ ಚಿಪ್‌ಗಳಿಗೆ ತಂದಿತು. ಆದರೆ ಈ ಭಾಷೆ ನಿಧಾನದ್ದು. ಬಳಸಿ ಬಿಟ್ಟ ಸ್ಮೃತಿಯನ್ನು ಆಗಾಗ ತೆರವುಗೊಳಿಸಲು ನಿಲ್ಲುವಂಥದ್ದು ಕೂಡ. ಹೀಗಾಗಿ ಪ್ರೋಗ್ರಾಮಿನಲ್ಲೇ ಬಝರ್ ಜೋಡಿಸಿದ ಪಿನ್ ಅನ್ನು ಹೊತ್ತಿಸಿ ಆರಿಸುತ್ತ ಹೋದರೆ ಸ್ವರ ಕದಡುವ ಸಂಭವವಿರುವುದರಿಂದ, ಸ್ಪಂದಗಳ ಅಂತರವನ್ನೂ ಅಗಲವನ್ನೂ ಯಂತ್ರಾಂಶವೇ ನಿಭಾಯಿಸುವ ಪಿಡಬ್ಲ್ಯುಎಂ ಎಂಬ ವ್ಯವಸ್ಥೆಗೆ ಆವೃತ್ತಿಯನ್ನು ಒಪ್ಪಿಸುವುದು ರೂಢಿ. 2016ರಲ್ಲಿ ಬ್ರಿಟನ್ನಿನ ಶಾಲಾ ಮಕ್ಕಳಿಗೆ ಹಂಚಲಾದ ಪುಟ್ಟ ಗಣಕವಾದ ಬಿಬಿಸಿ ಮೈಕ್ರೋಬಿಟ್‌ನಲ್ಲಿ ಈ ಪದರವೂ ಮರೆಯಾಯಿತು: 'ಸಿ4:4' ಎಂದು ಬರೆದರೆ ನಾಲ್ಕನೆಯ ಸ್ಥಾಯಿಯ ಸಿ ಸ್ವರ ನಾಲ್ಕು ಮಾತ್ರೆಗಳ ಕಾಲ, ಎಂದರೆ ಸಾಮಾನ್ಯ ವೇಗದಲ್ಲಿ ಅರ್ಧ ಸೆಕೆಂಡು, ನುಡಿಯುತ್ತದೆ.

ಹೀಗೆ ಹೂಟರ್‌ನಿಂದ ಮೈಕ್ರೋಬಿಟ್‌ವರೆಗೆ ಸದ್ದು ಹುಟ್ಟುವ ಬಗೆ ಮೂಲತಃ ಬದಲಾಗಿಲ್ಲ. ಕಾಲವನ್ನು ಎಣಿಸುವ ಹೊಣೆ ಮಾತ್ರ ಪ್ರೋಗ್ರಾಮ್ ಬರೆಯುವವರಿಂದ ಟೈಮರ್‌ಗೂ ಅಲ್ಲಿಂದ ಸ್ವರದ ಹೆಸರಿಗೂ ದಾಟಿದೆ. ಆದರೆ ಆ ಹೆಸರುಗಳು ಪಾಶ್ಚಾತ್ಯ ಪದ್ಧತಿಯ ಹನ್ನೆರಡು ಸಮಾನ ಮೆಟ್ಟಿಲುಗಳಿಗೆ ಸೀಮಿತವಾಗಿದ್ದು, ಕರ್ನಾಟಕ ಸಂಗೀತದ ಗಮಕದಂತೆ ಸ್ವರದಿಂದ ಸ್ವರಕ್ಕೆ ಜಾರುವ, ಓಲಾಡುವ ನಡೆ ಅವುಗಳಲ್ಲಿ ಅಡಕವಾಗುವುದಿಲ್ಲ. ಅಂಥದನ್ನು ಬಝರ್‌ನಲ್ಲಿ ಬಯಸುವವರು ಹೆಸರುಗಳನ್ನು ಬದಿಗಿಟ್ಟು, ಆವೃತ್ತಿಯ ಸಂಖ್ಯೆಯನ್ನೇ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಏರಿಸಿ ಇಳಿಸಬೇಕಾಗುತ್ತದೆ. ಹಿಲ್ ಮತ್ತು ಸ್ಟ್ರೇಚಿಯವರ ಎಣಿಕೆ ಅವರಿಗೆ ಇಂದಿಗೂ ಬೇಕು.