ತೆನೆಯಿಲ್ಲದ ಹದಿನೈದು ಸೆಪ್ಟೆಂಬರ್

ಸೆಪ್ಟೆಂಬರ್ 8 ಎಂದರೆ ಮಂಗಳೂರಿನ ಕ್ಯಾಥೊಲಿಕರಿಗೆ ಮೊಂತಿ ಹಬ್ಬ, ಮಾತೆ ಮರಿಯಳ ಹುಟ್ಟುಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯನ್ನು ಅಮ್ಮ ಮನೆಗೆ ತಂದು, ಒಂದೊಂದೇ ಕಾಳನ್ನು ಉಗುರಿನಿಂದ ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಿದ್ದಳು. ದೂರದ ಊರಲ್ಲಿರುವವರಿಗೆ ಎರಡು ಕಾಳು ಲಕೋಟೆಯಲ್ಲಿ ಹೋಗುತ್ತಿತ್ತು.

ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಂಡೆಯ ಮೊಂತೆ ಮರಿಯಾನೊ ಗುಡ್ಡದ ಮೇಲೆ, 1763ರಲ್ಲಿ ಫಾದರ್ ಜೋಕಿಂ ಮಿರಾಂದ ಈ ಹಬ್ಬ ಶುರುಮಾಡಿದರು ಎನ್ನುತ್ತಾರೆ. ಶುರುವಾಗಿ ಇಪ್ಪತ್ತೊಂದೇ ವರ್ಷಕ್ಕೆ ಅದು ನಿಂತುಹೋಯಿತು.

ಇಲ್ಲಿನ ಕ್ರೈಸ್ತರು ಮೈಸೂರಿನೊಂದಿಗಿನ ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದ ಮೇಲೆ 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನ್ ಅವರನ್ನು ಸೆರೆಹಿಡಿಸಿದ. ಸೆರೆಯಾದವರು 60,000 ಎಂದು ಅವನ ಪಕ್ಷದ ಬರಹವೇ ಹೇಳುತ್ತದೆ. ಬ್ರಿಟಿಷ್ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ 30,000 ಎನ್ನುತ್ತಾನೆ. ಪಾದ್ರಿಗಳನ್ನು ಗೋವೆಗೆ ಅಟ್ಟಿದರು. ಇಗರ್ಜಿಗಳು ನೆಲಸಮವಾದವು; 1680ರ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಕೂಡ ಉಳಿಯಲಿಲ್ಲ. ಹೆಂಗಸರು, ಮಕ್ಕಳು, ಮುದುಕರೆಲ್ಲ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ದಾರಿಯಲ್ಲಿ ಸತ್ತವರು ಬಹಳ. ಹರೆಯದ ಗಂಡಸರನ್ನು ಬಲವಂತದಿಂದ ಮತಾಂತರಿಸಿ ದಂಡಿಗೆ ಸೇರಿಸಿದರು. ಇದನ್ನು ನಾನು ಬರೆಯುತ್ತಿರುವುದು ಯಾರ ಮೇಲೂ ಹಗೆ ಸಾಧಿಸಲಿಕ್ಕಲ್ಲ. ನನ್ನನ್ನು ಕಾಡುವುದು ಬೇರೆಯೇ ಒಂದು ಪ್ರಶ್ನೆ: 1799ರವರೆಗೆ ಸೆರೆಯಲ್ಲಿ ಕಳೆದ ಆ ಹದಿನೈದು ವರ್ಷ ಅವರು ಹೇಗೆ ಪ್ರಾರ್ಥಿಸಿದರು?

ಉತ್ತರದ ಸುಳಿವು ನನಗೆ ಸಿಕ್ಕಿದ್ದು ಮನೆಯಲ್ಲೇ. ನನ್ನ ತಮ್ಮ ಹತ್ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡ. ಅವನಿಗಾಗಿ ಮೂರು ನೊವೇನ (ಒಂಬತ್ತು ದಿನಗಳ ಪ್ರಾರ್ಥನೆ) ಮುಗಿಸಿದ್ದೆವು. ಮಣ್ಣು ಮಾಡಿ ಬಂದ ಸಂಜೆ ಅಮ್ಮ ಎಂದಿನಂತೆ ಆಲ್ತಾರಿನ ಮುಂದೆ ತೆರ್ಸಿಗೆ, ಎಂದರೆ ಜಪಮಾಲೆಯ ಪ್ರಾರ್ಥನೆಗೆ, ಮೊಣಕಾಲೂರಿ ಬತ್ತಿ ಹಚ್ಚಿದಳು. "ಇನ್ನೂ ಯಾರಿಗೆ ಹೇಳ್ತೀಯಮ್ಮ ತೆರ್ಸ್?" ಎಂದು ನಾನು ಕೂಗಾಡಿದೆ. ಅವಳು ತಿರುಗಲಿಲ್ಲ. "ಇವತ್ತು ಬುಧವಾರ, ಮಹಿಮೆಯ ರಹಸ್ಯ" ಎಂದಷ್ಟೇ ಹೇಳಿ ಶುರುಮಾಡಿದಳು. ಎರಡನೇ ಹತ್ತು ಜಪದ ಹೊತ್ತಿಗೆ ಅವಳ ಸ್ವರ ಒಡೆಯಿತು. ಉಳಿದದ್ದನ್ನು ನಾನು ಹೇಳಿದೆ.

ಸೆರೆಯಲ್ಲೂ ಹೀಗೇ ನಡೆದಿರಬೇಕೆಂದು ನನ್ನ ಊಹೆ. ತೆರ್ಸಿಗೆ ಪಾದ್ರಿ ಬೇಡ, ಪುಸ್ತಕ ಬೇಡ. ಜಪಮಾಲೆ ಕಸಿದುಕೊಂಡರೂ ಹತ್ತು ಬೆರಳುಗಳಿವೆ. ಐದು ಸಲ ಎಣಿಸಿದರೆ ಐವತ್ತು ನಮಾನ್ ಮರಿಯೆ, ಮಾತೆ ಮರಿಯಳಿಗೆ ಸಲ್ಲಿಸುವ ಪ್ರಾರ್ಥನೆ. ಪಾದ್ರಿಯಿಲ್ಲದ ಕಡೆ ಸಾಯುವ ಮಗುವಿಗೆ ಯಾರು ಬೇಕಾದರೂ ನೀರು ಹೊಯ್ದು ದೀಕ್ಷಾಸ್ನಾನ ಕೊಡಬಹುದೆಂಬುದು ಧರ್ಮಸಭೆಯ ನಿಯಮ.

ಮೊಂತಿ ಹಬ್ಬ ಶುರುಮಾಡಿದ ಆ ಮಿರಾಂದರೇ ಕಟ್ಟಿದರೆಂದು ನಾವು ನಂಬುವ ಕೊಂಕಣಿ ಹಾಡೊಂದಿದೆ, 'ರಿಗ್ಲೊ ಜೆಜು ಮೊಳ್ಯಾಂತು'. ಯೇಸು ತೋಟಕ್ಕೆ ಹೊಕ್ಕ ಎಂದರ್ಥ. ತಪಸ್ಸುಕಾಲದಲ್ಲಿ ಅದನ್ನು ಹಾಡುತ್ತೇವೆ. ಗೆತ್ಸೆಮನೆಯ ಆ ತೋಟದಲ್ಲಿ ಯೇಸು ಬೇಡಿದ್ದು ಸಂಕಟದ ಪಾತ್ರೆ ತಪ್ಪಲೆಂದು, ಪಾತ್ರೆ ತಪ್ಪಲಿಲ್ಲ. ದುಃಖದ ಮನೆಗಳಲ್ಲಿ ನಾನು ಸಾವಿರ ಸಮಾಧಾನದ ಮಾತು ಕೇಳಿದ್ದೇನೆ. ನನಗೆ ನಿಲ್ಲಲು ನೆಲ ಸಿಕ್ಕಿದ್ದು ಇಲ್ಲಿ ಮಾತ್ರ.

ಕೆಲವರು ತಪ್ಪಿಸಿಕೊಂಡು ಕೊಡಗು ಸೇರಿದರು. ಅಲ್ಲಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟ. 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನ ಇಗರ್ಜಿ ಎದ್ದಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬದುಕುಳಿದವರಲ್ಲಿ ಅನೇಕರು ಘಟ್ಟ ಇಳಿದು ಬಂದು, ಪಾಳುಬಿದ್ದ ಗದ್ದೆಗಳಲ್ಲಿ ಮತ್ತೆ ಬಿತ್ತಿದರು.

ಕೊನೆಗೂ ದೇವರು ಓಗೊಟ್ಟ ಎಂದು ನಮ್ಮಲ್ಲಿ ಈ ಕಥೆಯನ್ನು ಮುಗಿಸುವುದು ರೂಢಿ. ನನಗದು ಒಪ್ಪಿಗೆಯಿಲ್ಲ. ಘಟ್ಟದ ದಾರಿಯಲ್ಲಿ ಮಗುವನ್ನು ಹೂತ ತಾಯಿಗೆ 1799 ಉತ್ತರವಲ್ಲ. ಅವಳೂ ಬೇಡಿದ್ದಳು. ಬೇಡುತ್ತಲೇ ಸತ್ತಳು. ನಮ್ಮ ಮನೆಗಳಿಗೆ ತೆರ್ಸ್ ಬಂದದ್ದು ಅಂಥವರ ಬಾಯಿಂದಲೂ.

ಈ ಸಲ ತೆನೆಯ ಕಾಳು ಸುಲಿಯುವಾಗ, ಮರಳಿ ಬಾರದವರ ಪಾಲಿಗೆಂದು ಒಂದು ನಮಾನ್ ಮರಿಯೆ ಹೇಳಿ.