ಕತ್ತರಿಸಿದ ದನಿ, ಉಳಿದ ಹೆಸರು

ಮೈಸೂರಿನ ಸಂಗೀತ ಪರಂಪರೆಯ ಮಾತು ಬಂದಾಗ ನಾವು ವೀಣೆ ಶೇಷಣ್ಣನವರನ್ನು, ಮೈಸೂರು ವಾಸುದೇವಾಚಾರ್ಯರನ್ನು ನೆನೆಯುತ್ತೇವೆ. ನೆನೆಯಲೇಬೇಕು. ಆದರೆ ಭಾರತದ ಧ್ವನಿಮುದ್ರಣದ ಇತಿಹಾಸದಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಹೆಣ್ಣುಮಗಳೊಬ್ಬಳು ತನ್ನ ಕೊನೆಯ ದಿನಗಳನ್ನು ಕಳೆದದ್ದು ಇದೇ ಊರಿನಲ್ಲಿ ಎಂಬುದು ನಮ್ಮಲ್ಲಿ ಹಲವರಿಗೆ ನೆನಪಿರುವುದಿಲ್ಲ. ಆಕೆ ಗೌಹರ್ ಜಾನ್.

1873ರಲ್ಲಿ ಆಜಂಗಢದಲ್ಲಿ ಹುಟ್ಟಿದಾಗ ಆಕೆಯ ಹೆಸರು ಏಂಜಲೀನಾ. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ಮಗಳಿಬ್ಬರೂ ಇಸ್ಲಾಂ ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಆದಳು, ಮಗಳು ಗೌಹರ್ ಜಾನ್ ಆದಳು. ಕಲ್ಕತ್ತೆಯಲ್ಲಿ ಹಾಡಿ ಹೆಸರು ಮಾಡಿದ ಈ ಗಾಯಕಿಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1928ರ ಆಗಸ್ಟ್‌ನಲ್ಲಿ ಅರಮನೆಯ ಸಂಗೀತಗಾರ್ತಿಯನ್ನಾಗಿ ನೇಮಿಸಿಕೊಂಡರು. ಆಕೆ ಇಲ್ಲಿದ್ದದ್ದು ಒಂದೂವರೆ ವರ್ಷವೂ ಅಲ್ಲ. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡಳು.

ಈಗ ಆಕೆಯನ್ನು ನೆನೆಯಲು ಕಾರಣವಿದೆ. ಇಂದಿನ ಸಂಗೀತ ತಯಾರಕರು ಹಳೆಯ ಹಾಡಿನಿಂದ ಒಂದು ತುಣುಕು ದನಿಯನ್ನು ಎತ್ತಿಕೊಳ್ಳುತ್ತಾರೆ. ಅದನ್ನು ಕಂಪ್ಯೂಟರಿನಲ್ಲಿ ಚೂರು ಚೂರು ಮಾಡುತ್ತಾರೆ, ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ, ತಾಳಕ್ಕೆ ಪೋಣಿಸುತ್ತಾರೆ. ಇದಕ್ಕೆ 'ಸ್ಯಾಂಪ್ಲಿಂಗ್' ಎಂದು ಹೆಸರು. ಹಿರಿಯರು ಇದನ್ನು ಕೇಳಿ ಮೂಗು ಮುರಿಯುತ್ತಾರೆ, ಕಿರಿಯರು ಇದೊಂದು ಹೊಸ ಆವಿಷ್ಕಾರವೆಂದು ಬೀಗುತ್ತಾರೆ. ದನಿಯನ್ನು ಕತ್ತರಿಸುವ ಕೆಲಸ ಅಷ್ಟು ಹೊಸದೇನೂ ಅಲ್ಲ ಎಂಬುದನ್ನು ಇತಿಹಾಸ ಹೇಳುತ್ತದೆ.

1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನಳ ದನಿಯನ್ನು ಮುದ್ರಿಸಿದ. ಆಗ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯೊಂದರ ಬಾಯಿಗೆ ಮುಖವೊಡ್ಡಿ ಹಾಡಬೇಕು. ಆ ದನಿಯ ಕಂಪನಕ್ಕೆ ಸೂಜಿ ಅಲುಗಾಡಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ತಟ್ಟೆಯಲ್ಲಿ ಇದ್ದ ಜಾಗವೇ ಸುಮಾರು ಮೂರು ನಿಮಿಷ. ತಪ್ಪಿದರೆ ತಿದ್ದುವಂತಿಲ್ಲ. ಗಂಟೆಗಟ್ಟಲೆ ಅರಳುವ ಖಯಾಲನ್ನು ಮೂರು ನಿಮಿಷಕ್ಕೆ ಇಳಿಸುವುದು ಹೇಗೆ? ಗೌಹರ್ ಜಾನ್ ಅದನ್ನು ಮಾಡಿ ತೋರಿಸಿದಳು. ಎಲ್ಲಿ ಕತ್ತರಿಸಬೇಕು, ಯಾವುದನ್ನು ಉಳಿಸಬೇಕು ಎಂಬ ತೀರ್ಮಾನ ಹಾಡುವವಳದ್ದೇ ಆಗಿತ್ತು. ಕತ್ತರಿ ಆಕೆಯ ಕೈಯಲ್ಲೇ ಇತ್ತು.

ಹಾಡು ಮುಗಿಯುವಾಗ ಆಕೆ ಇಂಗ್ಲಿಷಿನಲ್ಲಿ 'ಮೈ ನೇಮ್ ಈಸ್ ಗೌಹರ್ ಜಾನ್' ಎಂದು ಘೋಷಿಸುತ್ತಿದ್ದಳು. ಆಗ ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ದನಿ ಎಂದು ತಿಳಿಯಲಿ ಎಂಬುದಕ್ಕಾಗಿ ಈ ಏರ್ಪಾಡು. ಆದರೆ ಇಂದು ಅದನ್ನು ಕೇಳುವಾಗ, ಒಬ್ಬ ಹೆಣ್ಣುಮಗಳು ತನ್ನ ದನಿಯ ಮೇಲೆ ತಾನೇ ಹಾಕಿದ ಮೊಹರಿನಂತೆ ಅದು ಕೇಳಿಸುತ್ತದೆ.

ಮಾತನ್ನು ಒಡೆದು ಹಾಡುವ ಕಲೆಯಂತೂ ಯಂತ್ರಕ್ಕಿಂತ ಎಷ್ಟೋ ಹಳೆಯದು. ಠುಮ್ರಿಯಲ್ಲಿ ಒಂದೇ ಮಾತನ್ನು ಎಳೆದೆಳೆದು ಅದಕ್ಕೆ ಹತ್ತು ಭಾವ ತುಂಬುವುದಕ್ಕೆ 'ಬೋಲ್ ಬನಾವ್' ಎನ್ನುತ್ತಾರೆ. ಪದಗಳನ್ನು ತುಂಡರಿಸಿ ಲಯದ ಮೇಲೆ ಹಂಚುವುದು 'ಬೋಲ್ ಬಾಂಟ್'. ಇದರಲ್ಲಿ ಆಗ್ರಾ ಘರಾಣೆ ಎತ್ತಿದ ಕೈ. ಆ ಘರಾಣೆಯ ಉಸ್ತಾದ್ ಫೈಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸೀಕಿ', ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ಕೊಟ್ಟದ್ದು ನಮ್ಮ ಮೈಸೂರು ಅರಮನೆಯೇ. ಕವ್ವಾಲಿಯಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿ ಕೇಳುಗರನ್ನು ತಲ್ಲೀನಗೊಳಿಸುವ 'ತಕ್ರಾರ್' ಇದೆ. ಇಂದಿನ ತಯಾರಕರು ಒಂದು ತುಣುಕನ್ನು ಸುತ್ತಿ ಸುತ್ತಿ ನುಡಿಸುವುದು ಇದೇ ಜಾತಿಯದು.

ಯಂತ್ರದ ಕತೆ ಬೇರೆ. ಹಳೆಯ ತಟ್ಟೆಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನವಾಗಿರಲಿಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಹಾಡು ಬೇಗ ಓಡುತ್ತದೆ, ಜೊತೆಗೆ ಶ್ರುತಿಯೂ ಸುಮಾರು ಅರ್ಧ ಸ್ವರ ಏರುತ್ತದೆ. ವೇಗ ಮತ್ತು ಶ್ರುತಿ ಒಂದೇ ಹಗ್ಗಕ್ಕೆ ಕಟ್ಟಿದ ಜೋಡೆತ್ತುಗಳು. 1948ರಲ್ಲಿ ಪ್ಯಾರಿಸ್ಸಿನ ಪಿಯರ್ ಶೆಫರ್ ಮುದ್ರಿತ ಸದ್ದುಗಳನ್ನೇ ಜೋಡಿಸಿ ಸಂಗೀತ ಕಟ್ಟಿದ. ಟೇಪು ಬಂದ ಮೇಲೆ ಬ್ಲೇಡಿನಿಂದ ಕತ್ತರಿಸಿ ಅಂಟಿಸುವುದು ರೇಡಿಯೋ ಕೇಂದ್ರಗಳ ದಿನನಿತ್ಯದ ಕೆಲಸವಾಯಿತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ನಮ್ಮ ದೇಶದ ಮೊದಲ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ತೆರೆಯಿತು.

ಆ ಜೋಡೆತ್ತುಗಳನ್ನು ಬಿಡಿಸಿದ್ದು ಗಣಿತ. ದನಿಯನ್ನು ಸೆಕೆಂಡಿನ ನೂರರಲ್ಲಿ ಕೆಲವು ಭಾಗದಷ್ಟು ಸಣ್ಣ ಕಾಳುಗಳಾಗಿ ಒಡೆದು, ಕಾಳುಗಳನ್ನು ಒಂದರ ಮೇಲೊಂದು ಹೊದಿಸುತ್ತ ದೂರ ದೂರ ಇಟ್ಟರೆ ಶ್ರುತಿ ಬದಲಾಗದೆ ಹಾಡು ಉದ್ದವಾಗುತ್ತದೆ. 1980ರ ದಶಕದ ಕೊನೆಗೆ ಅಕೈ ಕಂಪೆನಿಯ ಯಂತ್ರಗಳು ಈ ವಿದ್ಯೆಯನ್ನು ಸಾಮಾನ್ಯ ಸ್ಟುಡಿಯೋಗಳಿಗೂ ತಂದವು. ಹೀಗೆ ಹಿಗ್ಗಿಸುವಾಗ 'ಆ', 'ಈ' ಸಲೀಸಾಗಿ ಉದ್ದವಾಗುತ್ತವೆ. 'ಕ', 'ಟ', 'ಪ'ಗಳು ಮಾತ್ರ ತೊದಲುತ್ತವೆ. ಕನ್ನಡ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಹ್ರಸ್ವ, ದೀರ್ಘ, ಪ್ಲುತ ಎಂದು ಮಾತ್ರೆಯ ಲೆಕ್ಕದಲ್ಲಿ ಎಳೆಯಬಹುದಾದ ಅಕ್ಷರಕ್ಕೂ, ಹಾಡಿನ ಸ-ರಿ-ಗ-ಮಕ್ಕೂ ನಮ್ಮಲ್ಲಿ ಒಂದೇ ಹೆಸರು: ಸ್ವರ.

ಇದೇ ವಿದ್ಯೆಗೆ ಇನ್ನೊಂದು ಉಪಯೋಗವೂ ಇದೆ. ಶ್ರವಣ ಪರೀಕ್ಷೆಗಳಲ್ಲಿ ಮಾತನ್ನು ಶ್ರುತಿ ಕೆಡದಂತೆ ಕುಗ್ಗಿಸಿ, ವೇಗವಾಗಿ ಕೇಳಿಸಿ, ಕೇಳುವವರು ಎಷ್ಟು ಗ್ರಹಿಸುತ್ತಾರೆಂದು ನೋಡುವ ವಿಧಾನವಿದೆ. ಈ ಶಾಸ್ತ್ರವನ್ನು ಕಲಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ. ಅಂದಮೇಲೆ ದನಿಯನ್ನು ಕತ್ತರಿಸುವುದೇ ಅಪರಾಧವಲ್ಲ. ಯಾರು, ಯಾರ ದನಿಯನ್ನು, ಯಾರನ್ನು ಕೇಳಿ ಕತ್ತರಿಸಿದರು ಎಂಬುದೇ ಪ್ರಶ್ನೆ.

2002ರಲ್ಲಿ ಅಮೆರಿಕದಲ್ಲಿ 'ಅಡಿಕ್ಟಿವ್' ಎಂಬ ಹಾಡು ಜನಪ್ರಿಯವಾಯಿತು. ಅದರಲ್ಲಿದ್ದದ್ದು 1981ರ 'ಜ್ಯೋತಿ' ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ಗೀತೆಯ ತುಣುಕು. ಅನುಮತಿಯೂ ಇಲ್ಲ, ಹೆಸರೂ ಇಲ್ಲ. ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಹೆಸರನ್ನು ನಮೂದಿಸದೆ ಆ ಧ್ವನಿಮುದ್ರಿಕೆಯನ್ನು ಮಾರಬಾರದೆಂದು ಆದೇಶವಾಯಿತು. ನಮ್ಮ ದೇಶದಲ್ಲಿ 1994ರ ತಿದ್ದುಪಡಿ ಹಾಡುಗಾರರಿಗೂ ಹಕ್ಕು ಕೊಟ್ಟಿತು. 2012ರ ತಿದ್ದುಪಡಿಯು ತನ್ನ ಹೆಸರು ಹೇಳಬೇಕೆಂದು ಕೇಳುವ, ಮಾನಕ್ಕೆ ಕುಂದು ತರುವಂತೆ ತಿರುಚಿದರೆ ಆಕ್ಷೇಪಿಸುವ ನೈತಿಕ ಹಕ್ಕನ್ನೂ ಸೇರಿಸಿತು.

ಈ ಯಾವ ಹಕ್ಕೂ ಗೌಹರ್ ಜಾನಳಿಗೆ ದಕ್ಕುವುದಿಲ್ಲ. ಧ್ವನಿಮುದ್ರಣದ ಹಕ್ಕಿನ ಅವಧಿ ನಮ್ಮಲ್ಲಿ 60 ವರ್ಷ. ಆಕೆಯ ತಟ್ಟೆಗಳು ಅದನ್ನು ಎಂದೋ ದಾಟಿವೆ. ಯಾರು ಬೇಕಾದರೂ ಆಕೆಯ ದನಿಯನ್ನು ಎತ್ತಿಕೊಳ್ಳಬಹುದು, ತುಂಡರಿಸಬಹುದು. ಕೊನೆಯಲ್ಲಿ ಬರುವ ಆ ಹೆಸರು ತಾಳಕ್ಕೆ ಕೂರುವುದಿಲ್ಲ, ಹಾಗಾಗಿ ಮೊದಲು ಕತ್ತರಿಗೆ ಸಿಗುವುದು ಅದೇ.

ಕಾನೂನು ಕೈಬಿಟ್ಟ ಜಾಗದಲ್ಲಿ ಉಳಿಯುವುದು ಅದಬ್ ಮಾತ್ರ. ಘರಾಣೆಯ ಗಾಯಕರು ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ಗುರುವಿನಿಂದ ಬಂದದ್ದನ್ನು ಅವರು ಹಾಡಬಹುದು, ಬದಲಿಸಲೂಬಹುದು. ಆದರೆ ಬಂದ ದಾರಿಯನ್ನು ಮರೆಮಾಚುವಂತಿಲ್ಲ. ಯಂತ್ರ ಬಂದಿತೆಂದು ಈ ಮರ್ಯಾದೆ ಬಿಟ್ಟುಹೋಗಬೇಕಿಲ್ಲ. 2024ರಲ್ಲಿ ಎ.ಆರ್. ರೆಹಮಾನ್ 'ಲಾಲ್ ಸಲಾಂ' ಚಿತ್ರದ ಹಾಡಿಗಾಗಿ ತೀರಿಹೋದ ಗಾಯಕರಾದ ಶಾಹುಲ್ ಹಮೀದ್ ಮತ್ತು ಬಂಬಾ ಬಾಕ್ಯ ಅವರ ದನಿಗಳನ್ನು ಕೃತಕ ಬುದ್ಧಿಮತ್ತೆಯಿಂದ ಮರುಸೃಷ್ಟಿಸಿದರು. ಅವರ ಕುಟುಂಬಗಳ ಒಪ್ಪಿಗೆ ಪಡೆದು, ತಕ್ಕ ಸಂಭಾವನೆ ಕೊಟ್ಟು, ಹೆಸರು ಹೇಳಿಯೇ ಬಳಸಿದ್ದಾಗಿ ತಿಳಿಸಿದರು. ಸತ್ತವರ ದನಿಯನ್ನು ಹೀಗೆ ಎಬ್ಬಿಸುವುದು ಸರಿಯೇ ಎಂಬ ಚರ್ಚೆ ಮುಂದುವರಿಯಲಿ. ಕೇಳಿ ಪಡೆಯುವ ದಾರಿ ಇದೆ ಎಂಬುದಂತೂ ಅದರಿಂದ ಸಾಬೀತಾಯಿತು.

ಮೈಸೂರು ಒಬ್ಬ ದಣಿದ ಗಾಯಕಿಗೆ ಕೊನೆಗಾಲದಲ್ಲಿ ಆಶ್ರಯ ಕೊಟ್ಟಿತು. ಆಕೆಯ ದನಿಯನ್ನು ಮುಂದೆ ಬಳಸುವ ಈ ಊರಿನ ಯುವಕರು ಆಕೆಯ ಹೆಸರಿಗೂ ಅಷ್ಟೇ ಜಾಗ ಕೊಡಲಿ.