ಪಂಡಿತಾ ರಮಾಬಾಯಿ ಮತ್ತು ಆನಂದೀಬಾಯಿ ಜೋಶಿ

ಮನುಷ್ಯನಿಗೆ ಮತವು ಮನೆಯಂತೆ, ಮಾತಿನಂತೆ ಹುಟ್ಟಿನೊಡನೆಯೇ ಬರುವುದು. ಅದನ್ನು ತಾನಾಗಿ ಆರಿಸಿಕೊಳ್ಳುವ ಪ್ರಸಂಗವು ಬಹುಮಂದಿಗೆ ಆಯುಷ್ಯದಲ್ಲಿ ಒಮ್ಮೆಯೂ ಒದಗುವುದಿಲ್ಲ. ಒದಗಿದವರ ವಿಷಯದಲ್ಲಿ ಲೋಕವು ಕೇಳುವ ಪ್ರಶ್ನೆ ಒಂದೇ: ಅವರು ಹೋದರೋ, ಉಳಿದರೋ? ಹೋದವರನ್ನು ಒಂದು ಪಕ್ಷವು ಕೊಂಡಾಡುವುದು. ಉಳಿದವರನ್ನು ಮತ್ತೊಂದು ಪಕ್ಷವು. ಆ ನಿರ್ಣಯವು ಅವರ ಸ್ವಂತ ಬುದ್ಧಿಯಿಂದ ಹುಟ್ಟಿದುದೋ, ಸುತ್ತಲಿನವರ ಒತ್ತಾಯದಿಂದ ಬಂದುದೋ ಎಂಬ ವಿಚಾರವು ಮಾತ್ರ ಹಿಂದೆ ಬೀಳುವುದು. ೧೮೮೩ನೆಯ ಇಸವಿಯಲ್ಲಿ ದೂರದ ಬಂಧುಗಳಾದ ಇಬ್ಬರು ಚಿತ್ಪಾವನ ಬ್ರಾಹ್ಮಣ ಸ್ತ್ರೀಯರು ಹಿಂದೂದೇಶವನ್ನು ಬಿಟ್ಟು ಕಡಲಾಚೆಗೆ ಹೋದರು. ಇಬ್ಬರ ಮುಂದೆಯೂ ಕ್ರೈಸ್ತ ಮತದ ಪ್ರಶ್ನೆಯು ಬಂದು ನಿಂತಿತು. ಒಬ್ಬರು ಅದನ್ನು ನಿರಾಕರಿಸಿದರು, ಇನ್ನೊಬ್ಬರು ಅಂಗೀಕರಿಸಿದರು. ಇವರಿಬ್ಬರ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ಬೇರೆ ಬೇರೆಯಾಗಿ ಓದಿದಾಗ ಕಾಣದ ಒಂದು ಸಂಗತಿಯು ಕಾಣಬರುವುದು.

ನಿರಾಕರಿಸಿದವರು ಆನಂದೀಬಾಯಿ ಜೋಶಿ. ಅವರು ೧೮೬೫ರಲ್ಲಿ ಕಲ್ಯಾಣದಲ್ಲಿ ಹುಟ್ಟಿದರು. ಒಂಬತ್ತನೆಯ ವಯಸ್ಸಿನಲ್ಲಿ, ತಮಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯರಾದ ವಿಧುರ ಗೋಪಾಲರಾವ್ ಜೋಶಿಯವರನ್ನು ವಿವಾಹವಾದರು. ಹದಿನಾಲ್ಕರಲ್ಲಿ ಹೆತ್ತ ಗಂಡು ಕೂಸು ಹತ್ತು ದಿನ ಮಾತ್ರ ಬದುಕಿತು. ವೈದ್ಯ ಕಲಿಯಬೇಕೆಂಬ ಹಂಬಲವು ಆ ಶೋಕದಿಂದ ಹುಟ್ಟಿತು. ಅಂಚೆಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ಗೋಪಾಲರಾಯರಿಗೆ ಹೆಂಡತಿಯ ವಿದ್ಯಾಭ್ಯಾಸದ ವಿಷಯದಲ್ಲಿ ಹುಚ್ಚೆನಿಸುವಷ್ಟು ಆಸಕ್ತಿ. ಕೊಲ್ಹಾಪುರದಲ್ಲಿದ್ದಾಗ ಅವರು ವೈಲ್ಡರ್ ಎಂಬ ಅಮೆರಿಕದ ಪಾದ್ರಿಗೆ ಸಹಾಯ ಕೋರಿ ಪತ್ರ ಬರೆದರು. ಮೊದಲು ಕ್ರಿಸ್ತನನ್ನು ಅಂಗೀಕರಿಸುವುದೇ ಮೇಲೆಂಬ ಅರ್ಥದ ಉತ್ತರವು ಬಂದಿತು. ಆ ಪತ್ರವೂ ಉತ್ತರವೂ ಅಮೆರಿಕದ ಮಿಷನರಿ ಪತ್ರಿಕೆಯೊಂದರಲ್ಲಿ ಅಚ್ಚಾದುವು. ನ್ಯೂ ಜರ್ಸಿಯ ರೋಸೆಲ್ ಎಂಬ ಊರಿನ ಕಾರ್ಪೆಂಟರ್ ಎಂಬ ಗೃಹಿಣಿಯೊಬ್ಬಳು ದಂತವೈದ್ಯನ ಮನೆಯಲ್ಲಿ ಕಾದು ಕುಳಿತಿರುವಾಗ ಆ ಪತ್ರಿಕೆಯನ್ನು ಓದಿದಳು. ಆಕೆಯ ಮನಸ್ಸು ಕರಗಿತು. ಆಕೆಯೂ ಕ್ರೈಸ್ತಳೇ. ಆದರೆ ನೆರವಿಗೆ ಮತಾಂತರದ ನಿಬಂಧನೆಯನ್ನು ಹಾಕಲಿಲ್ಲ.

ಪ್ರಯಾಣದ ಸುದ್ದಿ ಹಬ್ಬಿದೊಡನೆ ಸ್ವಜನರಿಂದ ನಿಂದೆಯು ಆರಂಭವಾಯಿತು. ೧೮೮೩ನೆಯ ಫೆಬ್ರವರಿ ೨೪ರಂದು ಆನಂದೀಬಾಯಿಯವರು ಶ್ರೀರಾಮಪುರದ ಕಾಲೇಜಿನಲ್ಲಿ ಕೂಡಿದ್ದ ಸಭೆಯ ಎದುರಿಗೆ ನಿಂತು, ಇಂಗ್ಲಿಷಿನಲ್ಲಿ, ಜನರು ಕೇಳುತ್ತಿದ್ದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟರು. ಅಮೆರಿಕಕ್ಕೇ ಏಕೆ? ಒಬ್ಬಂಟಿಯಾಗಿ ಏಕೆ? ಹಿಂದಿರುಗಿದ ಮೇಲೆ ಬಹಿಷ್ಕಾರ ಹಾಕುವುದಿಲ್ಲವೆ? ಈ ಕೊನೆಯ ಪ್ರಶ್ನೆಗೆ ಅವರ ಉತ್ತರವು ಸ್ಪಷ್ಟವಾಗಿದ್ದಿತು: ಹಿಂದುವಾಗಿ ಹೋಗುವೆನು, ಹಿಂದುವಾಗಿಯೇ ಬಂದು ಹಿಂದುಗಳ ನಡುವೆ ಬಾಳುವೆನು. ಆ ಕಾಲೇಜು ಕೇರಿ ಮೊದಲಾದ ಮಿಷನರಿಗಳು ೧೮೧೮ರಲ್ಲಿ ಸ್ಥಾಪಿಸಿದುದು. ಹೀಗೆ, ಹದಿನೆಂಟು ತುಂಬದ ಹುಡುಗಿಯೊಬ್ಬಳು ಮಿಷನರಿಗಳ ಛಾವಣಿಯ ಕೆಳಗೆ ನಿಂತು ಒಮ್ಮೆಗೇ ಎರಡು ಕಡೆಗೂ ಉತ್ತರವಿತ್ತಳು. ಮತ ಬಿಟ್ಟರೆ ಮಾತ್ರ ವಿದ್ಯೆ ಎಂದವರಿಗೂ, ವಿದ್ಯೆ ಬಿಟ್ಟರೆ ಮಾತ್ರ ಮತ ಎಂದವರಿಗೂ ಅದು ಒಂದೇ ಉತ್ತರ.

ಅಂಗೀಕರಿಸಿದವರ ಕಥೆಯು ಇಷ್ಟು ನೇರವಾದುದಲ್ಲ. ರಮಾಬಾಯಿಯವರು ಹುಟ್ಟಿದುದು ೧೮೫೮ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದ ಕಡೆಯವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂಬ ಆಕ್ಷೇಪವು ಬಂದಾಗ, ಸ್ತ್ರೀಯರು ಸಂಸ್ಕೃತ ಓದುವುದಕ್ಕೆ ಶಾಸ್ತ್ರದ ಬಾಧಕವಿಲ್ಲವೆಂದು ಉಡುಪಿಯ ಪಂಡಿತರ ಎದುರಿಗೆ ವಾದಿಸಿದವರು. ಮುಂದೆ ಆ ಕುಟುಂಬವು ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆಯಿತು. ೧೮೭೦ರ ದಶಕದ ಕ್ಷಾಮದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿಯರು ೧೮೭೮ರಲ್ಲಿ ಕಲ್ಕತ್ತೆಗೆ ಕಾಲ್ನಡೆಯಾಗಿ ಅಲೆಯುತ್ತ ಬಂದಾಗ, ಅಲ್ಲಿನ ವಿದ್ವಾಂಸರು ರಮಾಬಾಯಿಯವರ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು.

ಬಿರುದು ಬಂದ ಊರಿನಲ್ಲಿಯೇ ಸಂಶಯವೂ ಬಂದಿತು. ಸ್ತ್ರೀಧರ್ಮದ ಮೇಲೆ ಉಪನ್ಯಾಸ ಮಾಡುವುದಕ್ಕಾಗಿ ಧರ್ಮಶಾಸ್ತ್ರಗಳನ್ನು ಓದತೊಡಗಿದ ಅವರಿಗೆ, ಪರಸ್ಪರ ವಿರೋಧವಾಗಿ ಮಾತನಾಡುವ ಆ ಗ್ರಂಥಗಳು ಒಂದು ವಿಷಯದಲ್ಲಿ ಒಮ್ಮತವಾಗಿರುವಂತೆ ತೋರಿದುವು: ಸ್ತ್ರೀಗೆ ಸ್ವತಂತ್ರವಾದ ಮುಕ್ತಿಯಿಲ್ಲ. ಅಣ್ಣನು ೧೮೮೦ರಲ್ಲಿ ಢಾಕೆಯಲ್ಲಿ ತೀರಿಕೊಂಡನು. ಅದೇ ವರ್ಷ ಅವರು ಬ್ರಾಹ್ಮಣೇತರರಾದ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ವಿವಾಹವಾದರು. ಸಿಲ್ಚಾರಿನ ಮನೆಯಲ್ಲಿ ಗಂಡನ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಸಿಕ್ಕಿತು. ಆ ಮತದ ಮೇಲಿನ ಆಕರ್ಷಣೆ ಅಲ್ಲಿಂದ ಆರಂಭ. ಗಂಡನಿಗೆ ಅದು ಹಿಡಿಸಲಿಲ್ಲ. ೧೮೮೨ರ ಫೆಬ್ರವರಿಯಲ್ಲಿ ಅವರು ಕಾಲರಾ ರೋಗದಿಂದ ತೀರಿಕೊಂಡಾಗ ರಮಾಬಾಯಿಯವರ ಮಡಿಲಲ್ಲಿ ವರ್ಷ ತುಂಬದ ಮಗಳು ಮನೋರಮೆಯಿದ್ದಳು.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ‘ಸ್ತ್ರೀಧರ್ಮನೀತಿ’ಯನ್ನು ಬರೆದು, ಅದರ ಮಾರಾಟದ ಹಣದಿಂದ ಅವರು ೧೮೮೩ರಲ್ಲಿ ಇಂಗ್ಲೆಂಡಿಗೆ ಹೊರಟರು. ವೈದ್ಯ ಕಲಿಯುವ ಆಸೆಯಿದ್ದಿತು. ಕಿವಿ ಮಂದವಾದುದರಿಂದ ಅದು ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸಂನ್ಯಾಸಿನಿಯರು ಅವರಿಗೆ ಆಶ್ರಯವಿತ್ತರು; ಪ್ರತಿಯಾಗಿ ಅವರು ಮರಾಠಿ ಕಲಿಸಬೇಕು. ಜೊತೆಯಲ್ಲಿ ಬಂದಿದ್ದ ಗೆಳತಿ ಆ ಪರದೇಶದಲ್ಲಿಯೇ ಆತ್ಮಹತ್ಯೆ ಮಾಡಿಕೊಂಡಳು. ಇಂತಹ ದಿನಗಳಲ್ಲಿ ರಮಾಬಾಯಿಯವರ ಮನಸ್ಸನ್ನು ಸೆಳೆದುದು ವಾದಕ್ಕಿಂತ ಹೆಚ್ಚಾಗಿ ಒಂದು ನೋಟ. ಲಂಡನ್ನಿನ ಫುಲಹ್ಯಾಮಿನಲ್ಲಿ, ದಾರಿತಪ್ಪಿದವರೆಂದು ಲೋಕವು ತಳ್ಳಿದ ಹೆಂಗಸರನ್ನು ಆ ಸಂನ್ಯಾಸಿನಿಯರು ಅಕ್ಕರೆಯಿಂದ ಸಾಕುತ್ತಿದ್ದರು. ಅಂತಹವರಿಗೆ ಕರುಣೆ ತೋರಿಸುವುದನ್ನು ಅವರು ಅದುವರೆಗೆ ಎಲ್ಲಿಯೂ ಕಂಡಿರಲಿಲ್ಲವಂತೆ. ಕಾಶಿಯ ಪಂಡಿತರಾಗಿದ್ದು ೧೮೪೮ರಲ್ಲಿ ಕ್ರೈಸ್ತರಾದ ನೆಹೆಮಾಯಾ ಗೋರೆಯವರ ಬರಹಗಳು ಬುದ್ಧಿಯ ಸಂಶಯಗಳನ್ನು ಹರಿಸಿದುವು. ೧೮೮೩ನೆಯ ಸೆಪ್ಟೆಂಬರ್ ೨೯ರಂದು ತಾಯಿಯೂ ಮಗಳೂ ದೀಕ್ಷಾಸ್ನಾನ ಹೊಂದಿದರು.

ಮಹಾರಾಷ್ಟ್ರವು ಇದನ್ನು ದ್ರೋಹವೆಂದಿತು, ಮಿಷನರಿಗಳು ಜಯವೆಂದರು. ಎರಡೂ ಪಕ್ಷಗಳ ಎಣಿಕೆ ತಪ್ಪಿತೆಂಬುದಕ್ಕೆ ಮುಂದಿನ ಮೂರು ವರ್ಷಗಳ ಪತ್ರವ್ಯವಹಾರವೇ ಸಾಕ್ಷಿ. ೧೯೭೭ರಲ್ಲಿ ಅಚ್ಚಾದ ಆ ಪತ್ರಗಳಲ್ಲಿ, ಗುರುಸ್ಥಾನದಲ್ಲಿದ್ದ ಸೋದರಿ ಜೆರಾಲ್ಡೀನಳೊಡನೆ ಶಿಷ್ಯೆಯು ಪ್ರತಿಯೊಂದು ಅಂಶದಲ್ಲಿಯೂ ವಾದ ಮಾಡುವಳು. ತ್ರಿತ್ವದ ಸಿದ್ಧಾಂತವು ಬೈಬಲಿನಲ್ಲಿ ಎಲ್ಲಿದೆ ತೋರಿಸಿ, ಎಂಬುದು ಅವರ ಕೇಳಿಕೆ. ಚರ್ಚು ಹೇಳಿತೆಂಬ ಮಾತ್ರಕ್ಕೆ ನಂಬಲಾರರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವೇಕಾಗದು, ಎಂದು ಕೇಳಿದರು. ಮಾಂಸ ಮೊಟ್ಟೆಗಳನ್ನು ಮುಟ್ಟಲಿಲ್ಲ. ಅದು ಜಾತಿಯ ಹೆಮ್ಮೆಯೆಂದು ಸೋದರಿಯು ಗದರಿಸಿದರೂ ಬಿಡಲಿಲ್ಲ. ಚೆಲ್ಟನ್‌ಹ್ಯಾಮಿನಲ್ಲಿ ಅವರು ಗಂಡಸರಿಗೆ ಪಾಠ ಹೇಳಬಾರದೆಂದು ಹಿಂದೂದೇಶದ ಬಿಷಪ್ಪರು ಆಕ್ಷೇಪಿಸಿದಾಗ, ತಂದೆಯಾಗಲಿ ಗಂಡನಾಗಲಿ ಹಾಕದ ಕಟ್ಟನ್ನು ಇವರು ಹಾಕುವುದೆಂತು ಎಂದು ಉತ್ತರ ಬರೆದರು. ಒಂದು ಪುರೋಹಿತವರ್ಗದ ನೊಗವನ್ನು ಕಷ್ಟಪಟ್ಟು ಇಳಿಸಿದ ಮೇಲೆ ಇನ್ನೊಂದು ಪುರೋಹಿತವರ್ಗದ ನೊಗಕ್ಕೆ ಕತ್ತು ಕೊಡಲಾರೆನೆಂಬುದು ಆ ಪತ್ರಗಳ ಸಾರ. ಉಡುಪಿಯಲ್ಲಿ ವಾದಿಸಿದ ತಂದೆಯ ಮಗಳು ವಾಂಟೇಜಿನಲ್ಲಿ ತಂದೆಯ ಕೆಲಸವನ್ನೇ ಮಾಡುತ್ತಿದ್ದಳು.

ಇಬ್ಬರು ಬಂಧುಗಳೂ ೧೮೮೬ನೆಯ ಮಾರ್ಚಿ ೧೧ರಂದು ಫಿಲಡೆಲ್ಫಿಯಾದಲ್ಲಿ ಕೂಡಿದರು. ಅಂದು ಆನಂದೀಬಾಯಿಯವರಿಗೆ ಅಲ್ಲಿನ ಸ್ತ್ರೀ ವೈದ್ಯ ಕಾಲೇಜಿನ ಪದವಿದಾನ. ಸೀರೆಯುಟ್ಟು, ಸಸ್ಯಾಹಾರವನ್ನು ಬಿಡದೆ, ಆ ಚಳಿಯ ನಾಡಿನಲ್ಲಿ ದೇಹವನ್ನು ಸವೆಸಿ ಗಳಿಸಿದ ಪದವಿ ಅದು. ಅವರ ಪ್ರಬಂಧದ ವಿಷಯವು ಆರ್ಯ ಹಿಂದುಗಳ ಪ್ರಸೂತಿಶಾಸ್ತ್ರ. ಅದನ್ನು ನೋಡಿ ಸಂತೋಷಪಡಲೆಂದೇ ರಮಾಬಾಯಿಯವರು ಇಂಗ್ಲೆಂಡಿನಿಂದ ಬಂದಿದ್ದರು. ಮತವು ಬೇರೆಯಾದುದರಿಂದ ಬಂಧುತ್ವವು ಅಳಿದಿರಲಿಲ್ಲ. ಆನಂದೀಬಾಯಿಯವರು ಆಡಿದಂತೆ ಹಿಂದುವಾಗಿಯೇ ಹಿಂದಿರುಗಿದರು. ಆದರೆ ಕ್ಷಯವು ಹಿಡಿದಿದ್ದಿತು. ೧೮೮೭ನೆಯ ಫೆಬ್ರವರಿ ೨೬ರಂದು, ಇಪ್ಪತ್ತೆರಡು ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡರು. ಅವರ ಅಸ್ಥಿಯನ್ನು ಅಮೆರಿಕದ ಪೋಕಿಪ್ಸಿಯಲ್ಲಿ, ಕಾರ್ಪೆಂಟರ್ ಮನೆತನದ ಸ್ಮಶಾನಭೂಮಿಯಲ್ಲಿ ಇರಿಸಿದರು.

ರಮಾಬಾಯಿಯವರಿಗೆ ಮಾತ್ರ ಕಠಿಣವಾದ ಪರೀಕ್ಷೆಯು ಮುಂದೆ ಕಾದಿದ್ದಿತು. ಅಮೆರಿಕದವರ ಹಣದಿಂದ, ಯಾರ ಮತಕ್ಕೂ ಕೈಹಾಕುವುದಿಲ್ಲವೆಂಬ ವಚನದೊಡನೆ, ೧೮೮೯ನೆಯ ಮಾರ್ಚಿ ೧೧ರಂದು ಅವರು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಸದನವು ಮರುವರ್ಷ ಪುಣೆಗೆ ಬಂದಿತು. ಅವರು ಬೋಧಿಸಲಿಲ್ಲ; ಆದರೆ ತಾವು ಪ್ರಾರ್ಥಿಸುವ ಕೋಣೆಯ ಬಾಗಿಲನ್ನು ಮುಚ್ಚಲೂ ಇಲ್ಲ. ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ‘ಕೇಸರಿ’ ಪತ್ರಿಕೆಯು ಉರಿದೆದ್ದಿತು. ಸಲಹೆಗಾರರಾಗಿದ್ದ ರಾನಡೆ, ಭಂಡಾರಕರರು ೧೮೯೩ರಲ್ಲಿ ರಾಜೀನಾಮೆಯಿತ್ತರು. ಅನೇಕ ಹುಡುಗಿಯರನ್ನು ಮನೆಯವರು ಕರೆದೊಯ್ದರು. ಅದೇ ಸದನದಲ್ಲಿ ಕಲಿತ ಗೋದೂಬಾಯಿ ಎಂಬ ವಿಧವೆಯು ಅದೇ ವರ್ಷ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ, ಹಿಂದುವಾಗಿಯೇ ಉಳಿದು, ಗಂಡನು ವಿಧವೆಯರಿಗಾಗಿ ನಡೆಸಿದ ಕಾರ್ಯಕ್ಕೆ ನೆರವಾದುದೂ ನಿಜ. ಆ ಮನೆಯಿಂದ ಎರಡೂ ದಾರಿಗಳು ಹೊರಟಿದ್ದುವು.

ಆದರೂ ಸ್ವಜನರು ಎತ್ತಿದ ಪ್ರಶ್ನೆಯನ್ನು ದ್ವೇಷದ ಮಾತೆಂದು ತಳ್ಳಿಹಾಕುವಂತಿಲ್ಲ. ೧೮೯೬-೯೭ರ ಕ್ಷಾಮದಲ್ಲಿ ರಮಾಬಾಯಿಯವರು ಮಧ್ಯಪ್ರಾಂತದಿಂದ ನೂರಾರು ಅನಾಥ ಬಾಲೆಯರನ್ನು ಕರೆತಂದು ಕೇಡಗಾಂವಿಯಲ್ಲಿ ಸಾಕಿದರು. ಅಲ್ಲಿ ಬೆಳೆದ ‘ಮುಕ್ತಿ’ ಸಂಸ್ಥೆಯು ಬಹಿರಂಗವಾಗಿ ಕ್ರೈಸ್ತ ಸಂಸ್ಥೆ. ಆ ಬಾಲೆಯರ ಪ್ರಾಣವು ಉಳಿದುದು ಅವರಿಂದಲೇ, ಇದರಲ್ಲಿ ಸಂದೇಹವಿಲ್ಲ. ಆದರೆ ಶಾಸ್ತ್ರವನ್ನು ಓದಿ, ಬೈಬಲನ್ನು ಓದಿ, ಬಿಷಪ್ಪರೊಡನೆ ವಾದಿಸಿ ತಾವು ಮಾಡಿದಂತಹ ನಿರ್ಣಯವನ್ನು, ಹಸಿವಿನಿಂದ ಬಂದು ಅನ್ನ ಕೊಟ್ಟವರ ಮನೆಯಲ್ಲಿ ಬೆಳೆದ ಮಗುವು ಮಾಡಬಲ್ಲುದೆ? ತಮಗೆ ಬೇಕೆಂದು ಹಟಹಿಡಿದು ಪಡೆದ ಸ್ವಾತಂತ್ರ್ಯವು ಅವರಿಗೂ ಅಷ್ಟೇ ದೊರೆಯಿತೆ? ತನ್ನ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಡದಿದ್ದ ಸಮಾಜಕ್ಕೆ ಈ ಪ್ರಶ್ನೆಯನ್ನು ಕೇಳುವ ಅಧಿಕಾರವು ಎಷ್ಟಿತ್ತೆಂಬುದು ಬೇರೆಯ ಮಾತು, ಪ್ರಶ್ನೆಯಂತೂ ಉಳಿಯುವುದು.

ಕೊನೆಯ ವರ್ಷಗಳಲ್ಲಿ ರಮಾಬಾಯಿಯವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿ, ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಬೈಬಲನ್ನು ಭಾಷಾಂತರಿಸಿದರು. ಯಾರ ಮಧ್ಯಸ್ಥಿಕೆಯೂ ಇಲ್ಲದೆ ಪ್ರತಿಯೊಬ್ಬಳೂ ತಾನೇ ಓದಿ ತಿಳಿಯಲೆಂಬುದೇ ಅದರ ಉದ್ದೇಶ. ಮೇಲಿನ ಪ್ರಶ್ನೆಗೆ ಅವರು ಕೊಡಬಲ್ಲ ಉತ್ತರವೂ ಬಹುಶಃ ಅದೇ. ೧೯೨೨ನೆಯ ಏಪ್ರಿಲ್ ೫ರಂದು ಅವರು ತೀರಿಕೊಂಡರು.

ಆನಂದೀಬಾಯಿಯವರ ‘ಒಲ್ಲೆ’ ಎಂಬುದೂ ರಮಾಬಾಯಿಯವರ ‘ಒಪ್ಪಿದೆ’ ಎಂಬುದೂ ಒಂದೇ ಬೇರಿನವು. ಒಬ್ಬರು ನೆರವಿನ ಬೆಲೆಯಾಗಿ ಮತವನ್ನು ಮಾರಲಿಲ್ಲ. ಇನ್ನೊಬ್ಬರು ಆಶ್ರಯದ ಬೆಲೆಯಾಗಿ ವಿವೇಕವನ್ನು ಮಾರಲಿಲ್ಲ. ಒಬ್ಬರು ಉಳಿದು ತಮ್ಮವರನ್ನು ಎದುರಿಸಿದರು; ಇನ್ನೊಬ್ಬರು ಹೋಗಿ ಹೊಸಬರನ್ನೂ ಎದುರಿಸಿದರು. ಹೋದುದರಿಂದಾಗಲಿ ಉಳಿದುದರಿಂದಾಗಲಿ ಅವರು ದೊಡ್ಡವರಾಗಲಿಲ್ಲ. ಆ ನಿರ್ಣಯವನ್ನು ಮತ್ತೊಬ್ಬರ ಕೈಗೆ ಕೊಡದೆ ಇದ್ದುದರಿಂದ ಆದರು.